‘ಇನ್‌ಫಿಲ್ಟ್ರೇಷನ್’ಗೆ ಏನು ಪದ? ನಾಳೆ ಅಚ್ಚಿಗೆ ಹೋಗಬೇಕು

ಗೆಳೆಯರೆ, ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ರೋಗಿಗಳಿಗೆ ಹಂಚುವ ಕರಪತ್ರ ಅನುವಾದಿಸುತ್ತಿದ್ದೇನೆ. ಗಡ್ಡೆಯ ಅಂಗಾಂಶದೊಳಕ್ಕೆ ಇಮ್ಯೂನ್ ಕೋಶಗಳು ಹೋಗಿ ಸೇರುವುದಕ್ಕೆ ಇನ್‌ಫಿಲ್ಟ್ರೇಷನ್ ಅಂತಾರೆ. ‘ಪ್ರತಿರಕ್ಷಣಾ ಕೋಶಗಳ ಒಳನುಸುಳುವಿಕೆ’ ಅಂತ ಬರೆದೆ. ಮಂಡ್ಯದ ನಮ್ಮ ಮಾವನವರಿಗೆ ಓದಿ ಹೇಳಿದರೆ, “ಇದೇನು, ಗಡಿಯಲ್ಲಿ ನುಗ್ಗೋರ ಸುದ್ದಿಯಾ?” ಅಂದರು. ಬೇರೆ ಪದ ಕೊಡಿ.

ಸರಸ್ವತಿಪುರಂನಿಂದ:
ನುಸುಳು ಬೇಡ. ‘ಹೊಗು’ ಇದೆಯಲ್ಲ, ಹಳಗನ್ನಡದ ಪುಗು. ‘ಹೊಕ್ಕ ಕೋಶ’ ಅನ್ನಿ. ಟಿಶ್ಯೂ ಅನ್ನುವುದೂ ಫ್ರೆಂಚಿನಲ್ಲಿ ‘ನೇಯ್ದದ್ದು’ ಅಂತಲೇ. ಮಗ್ಗದಲ್ಲಿ ಉದ್ದದ ನೂಲು ಹಾಸು, ಲಾಳಿ ಅಡ್ಡಡ್ಡ ಎಳೆದು ತರುವುದು ಹೊಕ್ಕು. ಅಂಗಾಂಶ ಬಿಟ್ಟು ‘ನೆಯ್ಗೆ’ ಅಂದರೆ ‘ಹೊಕ್ಕು’ ತಾನಾಗಿ ಕೂರುತ್ತದೆ.

ಮಂಡ್ಯದಿಂದ:
ಬಯಾಪ್ಸಿ ಮಾಡಿಸಿದವನಿಗೆ ‘ನಿಮ್ಮ ನೆಯ್ಗೆ ತೆಗೆದಿದ್ದೇವೆ’ ಅಂದರೆ ಪಂಚೆ ಹುಡುಕ್ತಾನೆ. ಸುಮ್ನೆ ಬಿಡಿ ಸ್ವಾಮಿ.

ಕುವೆಂಪುನಗರದಿಂದ:
ಲ್ಯಾಬಿನಲ್ಲಿ ಸ್ಲೈಡ್ ನೋಡಿಯೇ ವಯಸ್ಸಾದವಳು ನಾನು. ಬಣ್ಣ ಹಾಕಿದ ಸ್ಲೈಡಿನಲ್ಲಿ ಲಿಂಫೋಸೈಟುಗಳು, ಅಂದರೆ ಒಂದು ಬಗೆಯ ಇಮ್ಯೂನ್ ಕೋಶಗಳು, ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತವೆ, ಕಡುನೀಲಿ ಚುಕ್ಕೆ. ನನ್ನ ತಕರಾರು ‘ಪ್ರತಿರಕ್ಷಣಾ’ ಮೇಲೆ. ಪ್ರಾಸ್ಟೇಟ್ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಟಿ ಕೋಶಗಳು ಸಾಮಾನ್ಯವಾಗಿ ಕಡಿಮೆ. ಬಂದವೆಲ್ಲ ರಕ್ಷಿಸುವುದೂ ಇಲ್ಲ. ಮ್ಯಾಕ್ರೋಫೇಜ್ ಅನ್ನುವ ಇನ್ನೊಂದು ಬಗೆಯ ಇಮ್ಯೂನ್ ಕೋಶಗಳಲ್ಲಿ ಕೆಲವು ಗಡ್ಡೆಗೇ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಬೇಲಿಯೇ ಹೊಲ ಮೇಯುವ ಕೆಲಸ. ‘ರಕ್ಷಣಾ ಕೋಶ ಜಾಸ್ತಿ ಇವೆ’ ಅಂತ ಓದಿ ರೋಗಿ ಖುಷಿಪಟ್ಟರೆ? ‘ಇಮ್ಯೂನ್ ಕೋಶ’ ಅಂತಲೇ ಇರಲಿ.

ಸರಸ್ವತಿಪುರಂನಿಂದ:
ಎಲ್ಲದಕ್ಕೂ ಇಂಗ್ಲಿಷೇ ಗತಿ, ಅಲ್ವಾ? ಮ್ಯಾಕ್ರೋಫೇಜ್ ಅಂದರೆ ಗ್ರೀಕಿನಲ್ಲಿ ‘ದೊಡ್ಡ ತಿನ್ನುಗ’. ವಿಜ್ಞಾನಿ ಮೆಚ್ನಿಕಾಫ್ ಆ ಹೆಸರನ್ನು ಗ್ರೀಕಿನಿಂದ ಕಟ್ಟಿದ. ನಾವು ‘ಹೊಟ್ಟೆಬಾಕ ಕೋಶ’ ಅಂದರೆ ನಗುತ್ತೀರಿ.

ಮಂಡ್ಯದಿಂದ:
ನಗ್ತೀವಿ. ನಮ್ಮೂರ ಸಕ್ಕರೆ ಕಾರ್ಖಾನೆ ಮೈಷುಗರ್ ಹೆಸರಲ್ಲೇ ಶುಗರ್ ಇದೆ. ಸಂಸ್ಕೃತದ ಶರ್ಕರೆಯೇ ಪಾರಸಿ, ಅರಬ್ಬಿ ಸುತ್ತಿ ಇಂಗ್ಲಿಷಾಗಿ ವಾಪಸ್ ಬಂತು. ಕಬ್ಬು ತರುವ ರೈತ ಯಾವತ್ತೂ ಬೋರ್ಡ್ ಬದಲಾಯಿಸಿ ಅಂದಿಲ್ಲ.

ಸರಸ್ವತಿಪುರಂನಿಂದ:
ಸಕ್ಕರೆ ತದ್ಭವ. ಅರಗಿಸಿಕೊಂಡದ್ದು. ಶುಗರ್ ಹಾಗಲ್ಲ. ಇಷ್ಟೂ ಗೊತ್ತಿಲ್ಲದವರ ಜೊತೆ ನನಗೆ ಮಾತಿಲ್ಲ.

ಕೇಳಿದವಳಿಂದ:
‘ಗಡ್ಡೆಯೊಳಕ್ಕೆ ಇಮ್ಯೂನ್ ಕೋಶಗಳು ಹೊಕ್ಕಿವೆ’ ಅಂತ ಹಾಕಿದೆ. ಮಾವ ತಲೆಯಾಡಿಸಿದರು. ಆಮೇಲೆ, “ಹೊಕ್ಕು ಏನ್ ಮಾಡ್ತವೆ?” ಅಂದರು. ಕುವೆಂಪುನಗರದ ಮೇಡಂ, ಆ ಬೇಲಿಯ ಮಾತು ಬಳಸಿಕೊಳ್ಳಲೇ?