ಮಾಂಟೇಗ್ ಸಮ್ಮರ್ಸ್ ಅವರ ರಕ್ತಪಿಶಾಚಿ ಗ್ರಂಥಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ಇಂಗ್ಲಿಷ್ ಲೇಖಕ ಸಮ್ಮರ್ಸ್ ಅವರು ರಕ್ತಪಿಶಾಚಿಗಳ ಕುರಿತು 1928 ಮತ್ತು 1929ರಲ್ಲಿ ಪ್ರಕಟಿಸಿದ ಎರಡೂ ಗ್ರಂಥಗಳನ್ನು ಓದುತ್ತಿದ್ದೇನೆ. ಆಕರಗಳ ವಿಸ್ತಾರ ಬೆರಗು ಹುಟ್ಟಿಸುತ್ತದೆ. ಆದರೆ ಅವರು ಇವನ್ನೆಲ್ಲ ನಿಜವೆಂದೇ ನಂಬಿದ್ದರೇ?

ಉತ್ತರ 1: ನಂಬಿದ್ದರೆಂದೇ ಅವರ ಬರಹ ಸೂಚಿಸುತ್ತದೆ. 1880ರಲ್ಲಿ ಬ್ರಿಸ್ಟಲ್‌ನ ಕ್ಲಿಫ್ಟನ್‌ನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, 1908ರಲ್ಲಿ ಆಂಗ್ಲಿಕನ್ ಚರ್ಚಿನ ಡೀಕನ್ (ಪಾದ್ರಿಗಿಂತ ಕೆಳಗಿನ ದರ್ಜೆ) ಆದ ಅವರು, ಮರುವರ್ಷವೇ ಕ್ಯಾಥೊಲಿಕ್ ಪಂಥಕ್ಕೆ ಸೇರಿ ಮುಂದೆ ಪಾದ್ರಿಯ ಉಡುಪಿನಲ್ಲೇ ಓಡಾಡುತ್ತಿದ್ದರು. ಆದರೆ ಅವರಿಗೆ ಪಾದ್ರಿ ದೀಕ್ಷೆ ನಿಜವಾಗಿ ದೊರೆತಿತ್ತೇ ಎಂಬುದು ಇಂದಿಗೂ ವಿವಾದದ ವಿಷಯ. ಮಾಟಗಾತಿಯರ ವಿಚಾರಣೆಯ ಹದಿನೈದನೆಯ ಶತಮಾನದ ಲ್ಯಾಟಿನ್ ಕೈಪಿಡಿಯನ್ನು ಇಂಗ್ಲಿಷಿಗೆ ತಂದಾಗಲೂ ಅವರು ಅದನ್ನು ಸಮರ್ಥಿಸಿಯೇ ಪೀಠಿಕೆ ಬರೆದರು.

ಉತ್ತರ 2: ನಂಬಿಕೆಯನ್ನು ಬದಿಗಿಟ್ಟು ಸಂಗ್ರಾಹಕನನ್ನು ನೋಡಿ. ಗ್ರೀಸ್, ಹಂಗೇರಿ, ಸರ್ಬಿಯಾ ಮೊದಲಾದ ನಾಡುಗಳ ಹಳೆಯ ವರದಿಗಳನ್ನೂ, ಆ ವಸ್ತುವಿನ ನಾಟಕ, ಕಾದಂಬರಿಗಳನ್ನೂ ಒಂದೆಡೆ ತಂದವರು ಅವರೇ. ಗಾಥಿಕ್ (ಭಯ, ನಿಗೂಢತೆಯ) ಸಾಹಿತ್ಯದ ಕುರಿತ ಅವರ 1941ರ ಗ್ರಂಥಸೂಚಿಯನ್ನು, ತಪ್ಪುಗಳಿದ್ದರೂ, ನಾನು ಈಗಲೂ ತೆರೆಯುತ್ತೇನೆ. ಉಲ್ಲೇಖಗಳನ್ನು ಮಾತ್ರ ಮೂಲದೊಡನೆ ಹೋಲಿಸಿಕೊಳ್ಳಿ.

ಉತ್ತರ 3: ಒಂದು ಸೇರ್ಪಡೆ. 1948ರಲ್ಲಿ ಅವರು ತೀರಿಕೊಂಡ ಮೇಲೆ ಕಾಣೆಯಾಗಿದ್ದ ಕಾಗದಪತ್ರಗಳು ದಶಕಗಳ ಬಳಿಕ ಕೆನಡಾದಲ್ಲಿ ಸಿಕ್ಕವು. ಅವು ಈಗ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿವೆ.