ಸಿಂಪ್ಸನ್ ಕೇಸು ಮತ್ತು ನಮ್ಮ ಮನೆ ಗುಂಪು

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ್ದು) ಮಾಜಿ ಹೆಂಡತಿ ಮತ್ತು ಅವಳ ಸ್ನೇಹಿತನ ಕೊಲೆ ಕೇಸಿನಲ್ಲಿ ಖುಲಾಸೆಯಾದ ಅಮೆರಿಕದ ಫುಟ್ಬಾಲ್ ತಾರೆ ಓ.ಜೆ. ಸಿಂಪ್ಸನ್‌ಗೆ ಅದೇ ಕೊಲೆಗೆ ಮತ್ತೆ ಶಿಕ್ಷೆ! ಇದು ಅಮೆರಿಕದ ನ್ಯಾಯ!!

ದೊಡ್ಡಪ್ಪ: ಎಲ್ಲರೂ ಓದಿ. ಬಿಟ್ಟವನನ್ನು ಮತ್ತೆ ಹಿಡಿಯುವುದು ಯಾವ ಸೀಮೆ ಕಾನೂನು?

ಪುಟ್ಟಿ: ದೊಡ್ಡಪ್ಪ, ಎರಡನೇ ಸಲ ಯಾರೂ ಹಿಡಿಯಲಿಲ್ಲ. 1995ರ ಅಕ್ಟೋಬರ್ 3ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಖುಲಾಸೆಯಾದದ್ದು ಕ್ರಿಮಿನಲ್ ಕೇಸು. ಅದನ್ನು ಹಾಕಿದ್ದು ಸರ್ಕಾರ. 1997ರ ಫೆಬ್ರವರಿಯಲ್ಲಿ ಸಾಂಟಾ ಮೋನಿಕಾದಲ್ಲಿ ಸೋತದ್ದು ಸಿವಿಲ್ ಕೇಸು. ಅದನ್ನು ಹಾಕಿದ್ದು ಸತ್ತವರ ಮನೆಯವರು. ಜೈಲು ಇಲ್ಲ, ಒಟ್ಟು 3.35 ಕೋಟಿ ಡಾಲರ್ ಕೊಡು ಅಂದರು ಅಷ್ಟೇ.

ಅತ್ತೆ: ಕೊಲೆ ಒಂದೇ ಅಲ್ವಾ? ಒಂದು ಕಡೆ ಮಾಡಿಲ್ಲ, ಇನ್ನೊಂದು ಕಡೆ ಮಾಡಿದ್ದಾನೆ ಅಂದರೆ ಹೇಗಮ್ಮಾ?

ಪುಟ್ಟಿ: ಮೊದಲ ಕೇಸಿನ ಜ್ಯೂರಿಗಳು, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನ, "ಮಾಡಿಲ್ಲ" ಅನ್ನಲಿಲ್ಲ ಅತ್ತೆ. ಸಂಶಯವಿಲ್ಲದಂತೆ ಸಾಬೀತಾಗಿಲ್ಲ ಅಂದರು. ಅಲ್ಲಿ ಹನ್ನೆರಡೂ ಜ್ಯೂರಿಗಳು ಒಪ್ಪಬೇಕು. ಕ್ಯಾಲಿಫೋರ್ನಿಯಾದ ಸಿವಿಲ್ ಕೇಸಿಗೆ ಒಂಬತ್ತು ಜನ ಒಪ್ಪಿದರೆ ಸಾಕು. ಯಾರ ಮಾತು ಹೆಚ್ಚು ನಂಬುವಂತಿದೆ ಅಂತ ನೋಡುತ್ತಾರೆ.

ದೊಡ್ಡಪ್ಪ: ಅಂದರೆ ಸಿವಿಲ್‌ನಲ್ಲಿ ಹೇಗೆ ಬೇಕಾದರೂ ತೀರ್ಪು ಕೊಡಬಹುದು!

ಲಾಯರ್ ಮಾವ: ಹಾಗಲ್ಲ ಭಾವ. ಜೈಲಿಗೆ ಹಾಕಲು ಬೇಕಾದಷ್ಟು ಪುರಾವೆ ದುಡ್ಡು ಕೊಡಿಸಲು ಬೇಡ, ಅಷ್ಟೇ. ನಮ್ಮಲ್ಲೂ ಇದೆ. ಅಪಘಾತ ಮಾಡಿದ ಡ್ರೈವರ್ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೂ ಎಂವಿಸಿ ಕೇಸಿನಲ್ಲಿ, ಅಂದರೆ ವಾಹನ ಅಪಘಾತದ ಪರಿಹಾರ ಕೇಸಿನಲ್ಲಿ, ಮನೆಯವರಿಗೆ ಪರಿಹಾರ ಸಿಗಬಹುದು. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ಬಿಡಿ 😄

ಪುಟ್ಟಿ: ಪುರಾವೆಯೂ ಪೂರ್ತಿ ಒಂದೇ ಇರಲಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಸಾಕ್ಷಿ ಹೇಳಲೇಬೇಕು ಅಂತಿಲ್ಲ, ಸಿಂಪ್ಸನ್ ಹೇಳಲೂ ಇಲ್ಲ. ಸಿವಿಲ್‌ನಲ್ಲಿ ಪ್ರಮಾಣ ಮಾಡಿ ಉತ್ತರ ಕೊಡಬೇಕಾಯಿತು. ಕೊಲೆ ನಡೆದ ಜಾಗದಲ್ಲಿ ಬ್ರೂನೋ ಮಾಲಿ ಅನ್ನುವ ಕಂಪನಿಯ ಶೂ ಗುರುತು ಸಿಕ್ಕಿತ್ತು. ಅಂಥ ಶೂ ನನ್ನದಲ್ಲ ಅಂದ. ಅದನ್ನೇ ಹಾಕಿಕೊಂಡ ಫೋಟೋಗಳು ಹೊರಗೆ ಬಂದವು. ಅಷ್ಟರಲ್ಲಿ ಮೊದಲ ಕೇಸು ಮುಗಿದುಹೋಗಿತ್ತು.

ಅತ್ತೆ: ಅಯ್ಯೋ! ಆಗ ಕ್ರಿಮಿನಲ್ ಕೇಸನ್ನೇ ಮತ್ತೆ ತೆಗೆಯಬಹುದಿತ್ತಲ್ಲಾ?

ಪುಟ್ಟಿ: ಆಗಲ್ಲ. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಮಾಡಬಾರದು ಅಂತ ಅವರ ಸಂವಿಧಾನದ ಐದನೇ ತಿದ್ದುಪಡಿಯಲ್ಲೇ ಇದೆ. ಅದು ಸರ್ಕಾರದ ಕೈ ಕಟ್ಟುತ್ತದೆ, ಸತ್ತವರ ಮನೆಯವರದ್ದಲ್ಲ. ದೊಡ್ಡಪ್ಪ ಕೇಳಿದ ಕಾನೂನು ಇದೇ.

ದೊಡ್ಡಪ್ಪ: ಸರಿ, ಆ ದುಡ್ಡಾದರೂ ಪೂರ್ತಿ ಬಂತಾ?

ಪುಟ್ಟಿ: ಇಲ್ಲ. 2024ರಲ್ಲಿ ಸಾಯುವವರೆಗೂ ದೊಡ್ಡ ಪಾಲು ಬಾಕಿಯೇ ಇತ್ತು. ಕಾಲೇಜು ಫುಟ್ಬಾಲ್‌ನಲ್ಲಿ ಅವನಿಗೆ ಬಂದಿದ್ದ ದೊಡ್ಡ ಪ್ರಶಸ್ತಿ, ಹೈಸ್ಮನ್ ಟ್ರೋಫಿ, ಹರಾಜಾಯಿತು. ಆದರೆ ಫುಟ್ಬಾಲ್ ಪೆನ್ಷನ್‌ಗೆ ಕೈ ಹಾಕುವಂತಿರಲಿಲ್ಲ. ಆಮೇಲೆ ಫ್ಲೋರಿಡಾಕ್ಕೆ ಹೋದ. ಅಲ್ಲಿಯ ಕಾನೂನಿನಂತೆ ಸಾಲಗಾರ ವಾಸವಿರುವ ಮನೆಯನ್ನೂ ಸುಮ್ನೆ ಜಪ್ತಿ ಮಾಡಲಾಗದು.

ಲಾಯರ್ ಮಾವ: ಡಿಕ್ರಿ, ಅಂದರೆ ದುಡ್ಡು ಕೊಡು ಅನ್ನುವ ಕೋರ್ಟಿನ ತೀರ್ಪು, ಸಿಗುವುದು ಅರ್ಧ ಕೆಲಸ. ವಸೂಲಿ ಜಾಸ್ತಿ ಕಷ್ಟ.

ಅತ್ತೆ: ಆದರೂ ಜೈಲಿಗೆ ಹೋಗಿದ್ದ ಅಂತ ಓದಿದ ನೆನಪು.

ಪುಟ್ಟಿ: ಅದು ಬೇರೆ ಕೇಸು ಅತ್ತೆ, ನೆವಾಡಾ ರಾಜ್ಯದ್ದು. 2007ರಲ್ಲಿ ಲಾಸ್ ವೇಗಸ್ ಹೋಟೆಲಿನಲ್ಲಿ ನಡೆದ ದರೋಡೆ. 2008ರಲ್ಲಿ ಶಿಕ್ಷೆಯಾಯಿತು, 2017ರಲ್ಲಿ ಪೆರೋಲ್ ಮೇಲೆ ಹೊರಬಂದ.

ದೊಡ್ಡಪ್ಪ: ಕೊಲೆಗೆ ಜೈಲಿಲ್ಲ, ದುಡ್ಡೂ ಪೂರ್ತಿ ಇಲ್ಲ. ಇದನ್ನು ನ್ಯಾಯ ಅಂತೀಯಾ?

ಪುಟ್ಟಿ: ಅನ್ನಲ್ಲ. ಎರಡು ಸಲ ಶಿಕ್ಷೆ ಕೊಟ್ಟರು ಅನ್ನುವುದು ಸುಳ್ಳು ಅಂತಿದ್ದೀನಿ.

ದೊಡ್ಡಪ್ಪ: ಹ್ಞೂಂ. ಪೆನ್ಷನ್ ಮುಟ್ಟಬಾರದು ಅನ್ನುವುದೊಂದು ಮಾತ್ರ ಒಳ್ಳೆ ಕಾನೂನು. ನನ್ನದೂ ಅದೇ ಬರೋದು.