ಹಿರೋಡೆ ಹತ್ರ ಹೊಲದಲ್ಲಿ ಸಿಕ್ಕ ಹಳೇ ಕಬ್ಬಿಣದ ಸಾಮಾನು, ಯಾವ ಕಾಲದ್ದು?

ಹೊಲದ್‌ಹುಡುಗ:
ನಮಸ್ಕಾರ, ನಮ್ದು ಪಾಂಡವಪುರ ತಾಲೂಕು, ಹಿರೋಡೆ ಅಂದ್ರೆ ಪಾಂಡವಪುರದ ಹಳೇ ಹೆಸರು. ಕಬ್ಬಿನ ಗದ್ದೆ ಉಳೋವಾಗ ಮೂರು ಸಾಮಾನು ಮೇಲೆ ಬಂದ್ವು. ಒಂದು ಪಿಕಾಸಿ, ಒಂದು ಮೊಳದುದ್ದದ ಗೂಟ ತಲೇಲಿ ಬಳೆ ಇದೆ, ಇನ್ನೊಂದು ತೆಳ್ಳನೆ ತಗಡು ಅರ್ಧಚಂದ್ರದ ಆಕಾರ ಅಂಚಲ್ಲಿ ತೂತು. ಇಲ್ಲಿ ದಂಡು ಬೀಡು ಬಿಟ್ಟಿತ್ತು ಅಂತ ಅಜ್ಜ ಹೇಳ್ತಿದ್ರು. ಟಿಪ್ಪು ಕಾಲದ್ದಾ?

ಕುಲುಮೆಮನೆ:
ತಗಡು ಎತ್ತಿನ ಲಾಳ ಕಣಪ್ಪ. ಎತ್ತಿನ ಗೊರಸು ಸೀಳಿರೋದ್ರಿಂದ ಒಂದು ಕಾಲಿಗೆ ಎರಡು ತುಂಡು ಹೊಡೀಬೇಕು, ಕುದುರೆಗಾದ್ರೆ ಇಡೀದು ಒಂದೇ. ಆದ್ರೆ ಇದೇ ಆಕಾರದ ಲಾಳ ನಮ್ಮಪ್ಪನೂ ಸಂತೇಲಿ ಹೊಡೀತಿದ್ರು, ಅದೊಂದನ್ನೇ ನೋಡಿ ಕಾಲ ಹೇಳಕ್ಕಾಗಲ್ಲ.

ಕೋಟೆಸುತ್ತು:
ಅಜ್ಜ ಹೇಳಿದ್ದು ನಿಜ. ಹೈದರ್, ಟಿಪ್ಪು ಹತ್ರ ಇದ್ದ ಫ್ರೆಂಚರು ಅಲ್ಲಿ ಇದ್ದಿದ್ದಕ್ಕೇ ಆ ಊರಿಗೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಬಂತು, 1792ರ ಫೆಬ್ರವರೀಲಿ ಟಿಪ್ಪು ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದಂಡೂ ಆ ಕಡೆನೇ ಬೀಡು ಬಿಟ್ಟಿತ್ತು. ಆ ಯುದ್ಧ ನಡೆದಿದ್ದೇ ಸಾಮಾನು ಎಳೆಯೋ ಎತ್ತುಗಳನ್ನ ನಂಬ್ಕೊಂಡು, 1791ರಲ್ಲಿ ಎತ್ತುಗಳು ಸತ್ತುಹೋಗಿ ಎಳೆಯೋರಿಲ್ದೆ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಹಾಳು ಮಾಡಿ ವಾಪಸ್ ಹೋಗಿದ್ದ. ಬಳೆ ಇರೋ ಗೂಟ ಕುದುರೆ ಕಟ್ಟೋದಿರಬಹುದು. ಪಿಕಾಸಿ ಬಗ್ಗೆ ಮಾತ್ರ ಹುಷಾರು, ಅದೇ ಸೀಮೇಲಿ ಆಮೇಲೆ ರೈಲು ಹಳಿ ಹಾಕಿದ್ರು, ವಿಶ್ವೇಶ್ವರಯ್ಯ ನಾಲೆ ತೋಡಿದ್ರು, ಸಾವಿರಾರು ಕೂಲಿಯವ್ರು ಪಿಕಾಸಿ ಹಿಡಿದಿದ್ರು. ಕಾವು ಕೂರೋ ತೂತಿನ ಪಕ್ಕ ಮುದ್ರೆ ಇದ್ಯಾ ನೋಡಿ: ಬಾಣದ ಗುರುತು ಇದ್ರೆ ಬ್ರಿಟಿಷ್ ಸರ್ಕಾರದ್ದು, ಹೃದಯದಾಕಾರದೊಳಗೆ ಅಕ್ಷರ ಇದ್ರೆ ಈಸ್ಟ್ ಇಂಡಿಯಾ ಕಂಪನೀದು.

ಹೊಲದ್‌ಹುಡುಗ:
ತುಕ್ಕು ದಪ್ಪಗಿದೆ ಸಾರ್, ಏನೂ ಕಾಣಲ್ಲ. ಗ್ರೈಂಡರ್ ಹಿಡೀಲಾ?

ಮ್ಯೂಸಿಯಂಪ್ರೇಮಿ:
ದಯವಿಟ್ಟು ಬೇಡ!! ಮುದ್ರೆ ಇದ್ರೆ ತುಕ್ಕಿನ ಜೊತೆ ಅದೂ ಹೋಗ್ಬಿಡುತ್ತೆ. ಆಸಿಡ್ಡೂ ಬೇಡ, ತೊಳೀಲೂ ಬೇಡಿ, ಒಣಗಿದ ಮಣ್ಣನ್ನ ಮೆತ್ತನೆ ಬ್ರಷ್ಷಲ್ಲಿ ಕೊಡವಿ ನೆಂದಿರದ ಜಾಗದಲ್ಲಿಡಿ. ಹೊಲದ ಯಾವ ಮೂಲೆ, ಎಷ್ಟು ಆಳ, ಮೂರೂ ಒಟ್ಟಿಗೆ ಸಿಕ್ವಾ ಅಂತ ಇವತ್ತೇ ಬರೆದಿಡಿ, ಸಾಮಾನಿಗಿಂತ ಅದೇ ಮುಖ್ಯ. ಸ್ಕೇಲ್ ಪಕ್ಕ ಇಟ್ಟು ಫೋಟೋ ತೆಗೆದು ಮೈಸೂರಿನ ಪುರಾತತ್ವ ಇಲಾಖೆಗೆ, ತಹಶೀಲ್ದಾರ್ ಆಫೀಸಿಗೆ ತಿಳಿಸಿ. 2018ರಲ್ಲಿ ಹೊಸನಗರ ತಾಲೂಕಿನ ನಗರ ಅನ್ನೋ ಊರಲ್ಲಿ ಹಾಳುಬಾವಿ ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ವು, ನೋಡಕ್ಕೆ ಬರೀ ತುಕ್ಕು ಹಿಡಿದ ಕೊಳವೆ. ಅಂಥ ಕೊಳವೆ ನಿಮ್ಮಲ್ಲೂ ಕಂಡ್ರೆ ಮುಟ್ಟಬೇಡಿ, ಒಳಗೆ ಸಿಡಿಮದ್ದು ಉಳಿದಿರಬಹುದು.